ನೂರ ನಲವತ್ತೈದನೆಯ ಪುಟ

ನಮ್ಮ ಮಾವನವರು ಏನಿಲ್ಲವೆಂದರೂ ಇಪ್ಪತ್ತು ಸಾವಿರ ಪುಸ್ತಕ ಬಿಚ್ಚಿ ಕಟ್ಟಿದ್ದಾರೆ, ಒಂದನ್ನೂ ಓದಿಲ್ಲ. ಸೊಸೆ ಚಾಡಿ ಹೇಳುತ್ತಿದ್ದಾಳೆ ಎಂದುಕೊಳ್ಳಬೇಡಿ, ಬಂದವರಿಗೆಲ್ಲ ಅವರೇ ಹೇಳಿಕೊಳ್ಳುವ ಮಾತಿದು. "ಓದ್ತಾ ಕೂತರೆ ಕಟ್ಟೋದು ಯಾವಾಗ?" ಎನ್ನುತ್ತಾರೆ. ಓದಲು ಬಾರದವರೇನಲ್ಲ. ಪತ್ರಿಕೆಯನ್ನು ಮೊದಲ ಸಾಲಿನಿಂದ ಹಿಡಿದು ಮುದ್ರಕರ ವಿಳಾಸದವರೆಗೆ ಅರೆದು ಕುಡಿಯುತ್ತಾರೆ. ಪುಸ್ತಕ ಎಂದರೆ ಮಾತ್ರ ಅವರಿಗೆ ಹಾಳೆ, ದಾರ, ಅಂಟು, ರಟ್ಟು, ಅಷ್ಟೇ.

ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುವೆ ದೊಡ್ಡ ಮೇಜು, ಗೋಡೆ ಬದಿಗೆ ತಿರುಪು ತಿರುಗಿಸಿ ಪುಸ್ತಕ ಬಿಗಿಯುವ ಕಬ್ಬಿಣದ ಪ್ರೆಸ್ಸು, ಕಿಟಕಿಯ ಬಳಿ ನನ್ನ ಹೊಲಿಗೆಯ ಚೌಕಟ್ಟು. ಕೆಲಸ ಹಂಚಿಕೊಂಡಿದ್ದೇವೆ: ಜೋಡಿಸುವುದು ಮಾವ, ಹೊಲಿಯುವುದು ನಾನು, ರಟ್ಟು ಹಾಕಿ ಬಟ್ಟೆ ಅಂಟಿಸುವುದು ಮತ್ತೆ ಮಾವ. ನನ್ನ ಗಂಡ ಲಾರಿ ಓಡಿಸುತ್ತಾರೆ, ವಾರದಲ್ಲಿ ಐದು ದಿನ ಮನೆಯಲ್ಲಿರುವುದಿಲ್ಲ. ಹಾಗಾಗಿ ಈ ಮನೆಯಲ್ಲಿ ಜಗಳವಾಡಲು ಇರುವುದು ನಾನು, ಮಾವ, ಒಂಬತ್ತನೇ ತರಗತಿಯ ನನ್ನ ಮಗಳು ಪುಟ್ಟಿ. ಮೂವರಿಗೂ ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಜನ ಕಡಿಮೆಯಾಯಿತೆಂದು ಯಾವತ್ತೂ ಅನ್ನಿಸಿಲ್ಲ.

ಪುಟ್ಟಿಯ ಶಾಲೆಯ ಮಕ್ಕಳಿಗೆ ಮಾವ ಎಂದರೆ ರಟ್ಟಿನ ತಾತ. ಶಾಲೆಯ ಗ್ರಂಥಾಲಯದ ಅಷ್ಟೂ ಪುಸ್ತಕ ಇವರ ಕೈಯಲ್ಲಿ ಹಾದು ಹೋದವು. ಇವರಿಗೊಂದು ಹೆಮ್ಮೆಯಿತ್ತು. "ನಲವತ್ತು ವರ್ಷ ಆಯ್ತು. ನನ್ನ ಕೈಯಲ್ಲಿ ಒಂದೇ ಒಂದು ಪುಟ ಆಚೀಚೆ ಆಗಿದ್ದು ತೋರಿಸಿ ನೋಡೋಣ." ಇದನ್ನು ಹಾಲಿನವನಿಗೂ ಹೇಳುತ್ತಿದ್ದರು. ಪಾಪ, ಅವನೇನು ಪುಟ ತೋರಿಸುತ್ತಾನೆ, ಹಾಲು ಅಳೆದು ಕೊಟ್ಟು ಹೋಗುತ್ತಿದ್ದ.

ಆ ವರ್ಷ ಶಾಲೆಯಲ್ಲಿ ಒಂದು ಮಹಾಯುದ್ಧ ನಡೆಯಿತು. ಒಂಬತ್ತನೇ ತರಗತಿಯ ಮಕ್ಕಳು ಯಾವ ಕಾದಂಬರಿ ಓದಬೇಕು ಎಂಬುದು ಯುದ್ಧದ ಕಾರಣ. ದೊಡ್ಡ ಮೇಡಂ ಎಂದರೆ ಭಾಷೆಯ ಹಿರಿಯ ಶಿಕ್ಷಕಿ, ನನಗೂ ಪಾಠ ಹೇಳಿದವರು. ಇಪ್ಪತ್ತೆಂಟು ವರ್ಷದಿಂದ ಅವರು ಒಂದೇ ಕಾದಂಬರಿ ಓದಿಸುತ್ತ ಬಂದಿದ್ದರು. ಎಪ್ಪತ್ತು ವರ್ಷ ಹಳೆಯದು. ಊರು ಬಿಟ್ಟುಹೋದ ಅಣ್ಣನ ಕಾಗದಕ್ಕಾಗಿ ಒಬ್ಬ ಹುಡುಗಿ ಕಿಟಕಿಯಲ್ಲಿ ಕೂತು ಕಾಯುವ ಕಥೆ. ನಾನೂ ಓದಿದ್ದೆ, ಅಂದರೆ ಓದಿದ್ದೇನೆ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಹೊಸ ಮೇಷ್ಟ್ರು ಬಂದು ಎರಡು ವರ್ಷವಾಗಿತ್ತು. "ಈಗಿನ ಮಕ್ಕಳಿಗೆ ಈಗಿನ ಕಥೆ ಕೊಡಿ, ಮೇಡಂ" ಎಂದು ಅವರು ಬೇರೊಂದು ಕಾದಂಬರಿ ತಂದರು, ಮೇಡಂ ಅದನ್ನು ತೆರೆದೂ ನೋಡಲಿಲ್ಲ. ಅದರಲ್ಲೂ ಒಬ್ಬ ಹುಡುಗಿ, ಅವಳ ಅಣ್ಣನೂ ನಾಪತ್ತೆ. ಆದರೆ ಈ ಹುಡುಗಿ ಕಿಟಕಿಯಲ್ಲಿ ಕೂರುವವಳಲ್ಲ, ಬಸ್ಸು ಹತ್ತಿ ಹುಡುಕಲು ಹೊರಡುವವಳು. ಎರಡರಲ್ಲೂ ಆ ಹುಡುಗಿಯೇ 'ನಾನು' ಎಂದು ಕಥೆ ಹೇಳುತ್ತಾಳೆ. ಈ ಸಣ್ಣ ವಿಷಯ ಮುಂದೆ ನಮ್ಮ ಮನೆಯನ್ನೇ ಅಲ್ಲಾಡಿಸಿತು.

ಇಬ್ಬರ ನಡುವೆ ಎಣ್ಣೆ ಸೀಗೇಕಾಯಿ ಸಂಬಂಧ ಶುರುವಾಯಿತು. ಹೆಡ್ಮೇಷ್ಟ್ರು ಯಾರನ್ನೂ ನೋಯಿಸದ ಮನುಷ್ಯ, ಅದಕ್ಕೇ ಅವರ ತೀರ್ಮಾನಗಳು ಎಲ್ಲರಿಗೂ ಕೆಲಸ ಹೆಚ್ಚಿಸುತ್ತವೆ. ನಲವತ್ತು ಮಕ್ಕಳಲ್ಲಿ ಇಪ್ಪತ್ತು ಜನ ಹಳೆಯದು, ಇಪ್ಪತ್ತು ಜನ ಹೊಸದು ಓದಲಿ, ತಿಂಗಳಾದ ಮೇಲೆ ಅನಿಸಿದ್ದನ್ನು ಬರೆಯಲಿ, ಯಾವ ಗುಂಪು ಚೆನ್ನಾಗಿ ಬರೆಯುತ್ತದೋ ಆ ಪುಸ್ತಕವೇ ಮುಂದಿನ ವರ್ಷಕ್ಕೆ ಎಂದರು. ನಲವತ್ತೂ ಪ್ರತಿಗೆ ಹೊಸ ರಟ್ಟು ಹಾಕಿಸಲು ನಮ್ಮಲ್ಲಿಗೆ ಕಳಿಸಿದರು.

ಮಾವನಿಗೆ ಈ ಯುದ್ಧದಲ್ಲಿ ಪಕ್ಷವಿತ್ತು. ಅವರು ಹಳೆಯ ಪುಸ್ತಕದ ಕಡೆ, ಕಾರಣ ದಾರ. "ನೋಡಮ್ಮ, ಹಳೇದನ್ನ ಹೊಲಿದಿದಾರೆ. ಹೊಸದಕ್ಕೆ ಮಡಿಕೆಗಳ ಬೆನ್ನಿಗೆ ಬರೀ ಅಂಟು ಬಳಿದು ಕೈ ತೊಳ್ಕೊಂಡಿದಾರೆ. ಇಂಥದ್ದನ್ನ ಮಕ್ಕಳು ಏನಂತ ಓದಬೇಕು?"

"ಕಥೆ ಚೆನ್ನಾಗಿರಬಹುದಲ್ಲ ಮಾವ" ಎಂದೆ.

"ಹಾಳೆ ಉದುರಿ ಹೋದ ಮೇಲೆ ಕಥೆ ತಗೊಂಡು ಏನ್ಮಾಡ್ತೀಯ?"

ಅವರ ಕೆಲಸದ ರೀತಿ ಹೇಳಬೇಕು. ಪುಸ್ತಕವನ್ನು ಬಿಚ್ಚಿದರೆ ಹದಿನಾರು ಪುಟಗಳ ಮಡಿಕೆಗಳು ಸಿಗುತ್ತವೆ, ನಾವು ಅದನ್ನು ಫಾರಂ ಎನ್ನುತ್ತೇವೆ. ಈ ಎರಡು ಕಾದಂಬರಿಗಳಿಗೂ ಹದಿನಾಲ್ಕು ಫಾರಂ, ಅಳತೆಯೂ ಒಂದೇ. ಕೆಲವು ಪ್ರತಿಗಳಲ್ಲಿ ಹಾಳೆಗಳು ಹರಿದಿದ್ದವು. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲು ಮಾವ ಎಲ್ಲವನ್ನೂ ಬಿಚ್ಚಿ, ಒಂದನೇ ಫಾರಂಗಳದ್ದು ಒಂದು ಗುಡ್ಡೆ, ಎರಡನೆಯದಕ್ಕೆ ಇನ್ನೊಂದು, ಹೀಗೆ ಮೇಜಿನ ಎಡಕ್ಕೆ ಹಳೆಯದು, ಬಲಕ್ಕೆ ಹೊಸದು ಇಟ್ಟರು. ಆಮೇಲೆ ಮೇಜಿನ ಪಕ್ಕ ನಡೆಯುತ್ತ ಒಂದೊಂದು ಗುಡ್ಡೆಯಿಂದ ಒಂದೊಂದು ಫಾರಂ ಎತ್ತಿಕೊಳ್ಳುವುದು. ತುದಿ ಮುಟ್ಟುವಷ್ಟರಲ್ಲಿ ಕೈಯಲ್ಲಿ ಒಂದು ಪುಸ್ತಕ. ಆ ನಡಿಗೆ ನೋಡಲು ಚೆಂದ, ತುಟಿ ಪಿಟಕ್ ಅನ್ನುವುದಿಲ್ಲ, ಹೆಬ್ಬೆರಳೊಂದೇ ಮಾತಾಡುತ್ತದೆ.

ಅವತ್ತು ಹಾಗೆ ನಡೆಯುತ್ತಿದ್ದಾಗ ದೊಡ್ಡ ಮೇಡಂ ಬಂದರು. ತಮ್ಮ ಪುಸ್ತಕಕ್ಕೆ ಗಟ್ಟಿ ರಟ್ಟು ಹಾಕಿ ಎಂದು ಹೇಳಲು. ಅವರು ಇನ್ನೂ ಹೊಸ್ತಿಲು ದಾಟಿರಲಿಲ್ಲ, ಹಿಂದೆಯೇ ಹೊಸ ಮೇಷ್ಟ್ರ ಸೈಕಲ್ ನಿಂತಿತು.

"ಓಹೋ, ಶಿಫಾರಸು ಮಾಡೋಕೆ ಬಂದಿರಾ ಮೇಡಂ?"

"ನಿಮ್ಮದು ಉದುರಿ ಹೋಗೋ ಪುಸ್ತಕ ಮೇಷ್ಟ್ರೇ, ಶಿಫಾರಸು ಬೇಕಾಗಿರೋದು ನಿಮಗೆ."

"ನಿಮ್ಮದು ಉದುರಲ್ಲ ಬಿಡಿ. ಯಾರಾದರೂ ತೆರೆದರೆ ತಾನೇ ಉದುರೋಕೆ!"

ಕಾಲು ಗಂಟೆ ಇದೇ ರಾಮಾಯಣ. ಎಡಗಡೆಯಿಂದ ಎತ್ತಿಕೊಂಡ ಒಂಬತ್ತು ಫಾರಂ ಕೈಯಲ್ಲಿ ಹಿಡಿದೇ ಮಾವ ಇಬ್ಬರಿಗೂ ಸ್ಟೂಲು ಎಳೆದು ಹಾಕಿದರು, ನೀರು ಕೊಟ್ಟರು, ಸಮಾಧಾನ ಹೇಳಿದರು. ಇಬ್ಬರೂ ಹೋದ ಮೇಲೆ ನಿಂತ ಜಾಗದಿಂದಲೇ ಮುಂದುವರಿದರು. ನಿಂತ ಜಾಗ ಮೇಜಿನ ಬಲಕ್ಕಿತ್ತು.

ಎರಡು ದಿನದಲ್ಲಿ ಅಷ್ಟನ್ನೂ ಹೊಲಿದೆ. ಒಂದು ಪ್ರತಿಯಲ್ಲಿ ಹಳದಿ ಹಾಳೆ ಮುಗಿದು ಬೂದು ಹಾಳೆ ಶುರುವಾದದ್ದು ಕಣ್ಣಿಗೆ ಬಿತ್ತು. ಕೊರತೆ ತುಂಬಲು ಮಾವ ಎಲ್ಲಿಂದಲೋ ತಂದು ಹಾಕಿದ್ದಾರೆ ಎಂದುಕೊಂಡು ಸೂಜಿ ಮುಂದಕ್ಕೆ ಓಡಿಸಿದೆ. ಮಾವ ಅಂಚಿಗೆ ಕೆಂಪು ಬಣ್ಣ ಬಳಿದು ನೀಲಿ ಬಟ್ಟೆ ಹಾಕಿದರು. ನಲವತ್ತೂ ಒಂದೇ ತಾಯಿಯ ಮಕ್ಕಳಂತೆ ಶಾಲೆಗೆ ಹೋದವು.

ಪುಟ್ಟಿಗೆ ಬಂದದ್ದು ಹಳೆಯದು. ಮೂರು ದಿನ ಮುಖ ಊದಿಸಿಕೊಂಡಿದ್ದಳು. "ಅಮ್ಮಾ, ಐವತ್ತು ಪುಟ ಆಯ್ತು, ಅವಳಿನ್ನೂ ಕಿಟಕಿ ಹತ್ರಾನೇ ಕೂತಿದಾಳೆ" ಎಂದು ಗೊಣಗುತ್ತಿದ್ದಳು. ಆಮೇಲೆ ಗೊಣಗಾಟ ನಿಂತಿತು. ಒಂದು ಭಾನುವಾರ ಊಟಕ್ಕೆ ಕರೆದರೆ ಉತ್ತರವಿಲ್ಲ. ಹೋಗಿ ನೋಡಿದರೆ ಪ್ರೆಸ್ಸಿನ ಪಕ್ಕ ನೆಲದ ಮೇಲೆ ಕೂತು, ಉಗುರು ಕಚ್ಚುತ್ತ, ಪುಸ್ತಕದಲ್ಲಿ ಮುಳುಗಿದ್ದಳು. ಸಂಜೆ ಮುಗಿಸಿ ಎದ್ದು, ಯಾರಿಗೂ ಏನೂ ಹೇಳದೆ ಬರೆಯಲು ಕೂತಳು. ಆರು ಪುಟ ಬರೆದಳು. ನನ್ನ ಮಗಳು ಆರು ಪುಟ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಒಂದು ಗುರುವಾರ ಶಾಲೆಯಿಂದ ಕರೆ ಬಂತು.

ದೊಡ್ಡ ಮೇಡಂ ಆ ಆರು ಪುಟಗಳನ್ನು ನನ್ನ ಮುಂದಿಟ್ಟರು. ಮೇಲೆ ಕೆಂಪು ಶಾಯಿಯಲ್ಲಿ ಸೊನ್ನೆ. ಕೆಳಗೆ, 'ಪುಸ್ತಕ ಓದದೆ ಸ್ವಂತ ಕಥೆ ಕಟ್ಟಿದ್ದಾಳೆ.'

"ಇದರಲ್ಲಿ ಬಸ್ಸಿದೆಯಮ್ಮ" ಎಂದರು ಮೇಡಂ. ಅವರ ದನಿಯಲ್ಲಿ ಕೋಪಕ್ಕಿಂತ ನೋವಿತ್ತು. "ಎಪ್ಪತ್ತು ವರ್ಷದ ಹಿಂದಿನ ಕಾದಂಬರಿ. ಆ ಹುಡುಗಿ ಊರಿಗೆ ಬಸ್ಸೇ ಇಲ್ಲ, ಕುದುರೆ ಗಾಡಿ ಕಾಲ. ನಿನ್ನ ಮಗಳು ಬಸ್ಸು ಹತ್ತಿಸಿದಾಳೆ, ಮೊಬೈಲು ಕೊಡಿಸಿದಾಳೆ, ಅಣ್ಣನ್ನ ಗ್ಯಾರೇಜಿನಲ್ಲಿ ಹುಡುಕಿಸಿದಾಳೆ. ಉಳಿದ ಹತ್ತೊಂಬತ್ತು ಮಕ್ಕಳೂ ಸರಿಯಾಗಿ ಬರೆದಿದಾರೆ."

ಉಳಿದ ಹತ್ತೊಂಬತ್ತು ಮಕ್ಕಳು ಅಕ್ಕಂದಿರ ಹಳೆಯ ನೋಟ್ಸ್ ನೋಡಿ ಬರೆದಿದ್ದರು. ಆ ನೋಟ್ಸ್ ನನ್ನ ಕಾಲದಿಂದಲೂ ಕೈಯಿಂದ ಕೈಗೆ ಬಂದದ್ದು. ಒಂದೆರಡು ಸಾಲು ನನ್ನದೇ ಇರಬಹುದು.

ಪುಟ್ಟಿ ಗೋಡೆಗೆ ಒರಗಿ ನಿಂತಿದ್ದಳು. "ಪುಸ್ತಕದಲ್ಲಿತ್ತು ಮೇಡಂ. ವಾಪಸ್ ಕೊಟ್ಟ ಪುಸ್ತಕ ಎಲ್ಲ ಬೀರುವಿನಲ್ಲೇ ಇದೆ, ತೆಗೆದು ನೋಡಿ."

"ನನಗೆ ಬಾಯಿಪಾಠ ಇರೋ ಪುಸ್ತಕಕ್ಕೆ ಬೀರು ಯಾಕೆ ತೆಗೀಬೇಕು? ಓದಲಿಲ್ಲ ಅಂತ ಒಪ್ಪಿಕೋ, ಬಿಟ್ಟುಬಿಡ್ತೀನಿ. ಇಲ್ಲದಿದ್ರೆ ಸೋಮವಾರ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ತಪ್ಪಾಯ್ತು ಅಂತ ಹೇಳ್ಬೇಕು."

"ಓದಿದ್ದನ್ನ ಓದಿಲ್ಲ ಅಂತ ಹೇಗೆ ಹೇಳ್ಲಿ?"

ನಾನೇನು ಮಾಡಿದೆ ಗೊತ್ತೆ? ಮೇಡಂ ಮುಂದೆ ತಲೆ ತಗ್ಗಿಸಿ "ಕ್ಷಮಿಸಿ ಮೇಡಂ, ಬುದ್ಧಿ ಹೇಳ್ತೀನಿ" ಎಂದೆ. ದಾರಿಯುದ್ದಕ್ಕೂ ಬೈದೆ. ಮನೆಯಲ್ಲಿ ಮಾವ ಶುರುಮಾಡಿದರು. "ರಟ್ಟು ಕಟ್ಟೋರ ಮನೆ ಮಗು! ಪುಸ್ತಕದ ವಿಷಯದಲ್ಲಿ ಸುಳ್ಳು ಹೇಳೋದಾ?" ಎಂದರು. ಪುಟ್ಟಿ ಅಳಲಿಲ್ಲ. "ಹಾಳೆ ಬಣ್ಣ ಕೂಡ ಬದಲಾಗತ್ತೆ ಅಮ್ಮಾ, ಅಕ್ಷರಾನೂ ಬೇರೆ. ಕಾಲ ಬದಲಾಗಿದೆ ಅಂತ ತೋರಿಸೋಕೆ ಹಾಗೆ ಮಾಡಿದಾರೆ ಅಂದ್ಕೊಂಡೆ" ಎಂದಳು.

ಇಲ್ಲೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಹಾಳೆಯ ಬಣ್ಣ ಎಂದ ತಕ್ಷಣ ಆ ಪ್ರತಿ ನನ್ನ ಕಣ್ಣ ಮುಂದೆ ಬಂತು. ಹಳದಿ ಮುಗಿದು ಬೂದು. ತಪ್ಪಾಗಿದೆ ಎಂದಾದರೆ ಮಾವನ ನಲವತ್ತು ವರ್ಷದ ಮಾತು ಮಣ್ಣುಪಾಲು, ಕಣ್ಣಾರೆ ನೋಡಿಯೂ ಹೊಲಿದವಳು ನಾನು, ಜೊತೆಗೆ ಮೇಡಂ ಮುಂದೆ ಆಗಲೇ ಮಗಳನ್ನು ಸುಳ್ಳಿ ಎಂದು ಒಪ್ಪಿಕೊಂಡು ಬಂದಿದ್ದೆ. "ನೆಪ ಹೇಳ್ಬೇಡ" ಎಂದೆ. ಅವಳು ಎದ್ದು ಒಳಗೆ ಹೋದಳು. ಶುಕ್ರವಾರ, ಶನಿವಾರ ನಮ್ಮಿಬ್ಬರ ಜೊತೆ ಮಾತಿಲ್ಲ. ತಟ್ಟೆ ತೊಳೆದಿಟ್ಟು ಹೋಗುತ್ತಿದ್ದಳು, ಅಷ್ಟೇ. ಆ ಮೌನಕ್ಕಿಂತ ಅವಳು ಪಾತ್ರೆ ಎಸೆದಿದ್ದರೆ ನನಗೆ ಸುಖವಾಗುತ್ತಿತ್ತು.

ಭಾನುವಾರ ಮಧ್ಯಾಹ್ನ ಮಾವನಿಗೆ ತಡೆಯಲಾಗಲಿಲ್ಲ. ಮೊಮ್ಮಗಳ ಮಾತಿಲ್ಲದೆ ಅವರಿಗೆ ಅಂಟು ಕೂಡ ಒಣಗುವುದಿಲ್ಲ. ರಟ್ಟು ಕತ್ತರಿಸುತ್ತ, "ಹೋಗ್ಲಿ, ನೀನು ಕಟ್ಟಿದ ಕಥೆನಾದ್ರೂ ಹೇಳು, ಕೇಳ್ತೀನಿ" ಎಂದರು.

"ನಾನು ಕಟ್ಟಿಲ್ಲ ತಾತ."

"ಆಯ್ತು, ಪುಸ್ತಕದಲ್ಲಿ ಇದ್ದದ್ದನ್ನೇ ಹೇಳು."

ಅವಳು ಸ್ವಲ್ಪ ಹೊತ್ತು ಬಿಗುಮಾನ ಮಾಡಿದಳು. ಆದರೆ ಒಳಗಿದ್ದ ಕಥೆ ಬಿಡಬೇಕಲ್ಲ. ಹೇಳುತ್ತ ಹೇಳುತ್ತ ಕೈ ತಿರುಗಿಸತೊಡಗಿದಳು. ಕಿಟಕಿ, ಅಂಚೆಯವನು, ಖಾಲಿ ಕೈ, ಮತ್ತೆ ಕಿಟಕಿ. "ಆಮೇಲೆ ಒಂದು ದಿನ ಅವಳಿಗೆ ಸಾಕಾಗತ್ತೆ ತಾತ. 'ನಾನು ಎದ್ದು ಬಾಗಿಲು ತೆರೆದೆ. ಹೊರಗೆ' ಅಂತ ಪುಟ ಮುಗಿಯತ್ತೆ. ಇನ್ನೊಂದು ಪುಟದಲ್ಲಿ, 'ಬಸ್ಸು ನಿಂತಿತ್ತು, ಹತ್ತಿ ಕೂತೆ' ಅಂತ! ನನಗೆ ಮೈ ಜುಂ ಅಂತು. ಅವಳ ಕಾಲದಲ್ಲಿ ಅವಳನ್ನ ಯಾರೂ ಹೊರಗೆ ಬಿಡ್ತಿರಲಿಲ್ಲ, ಅದಕ್ಕೇ ಬರೆದವರು ಅವಳನ್ನ ನಮ್ಮ ಕಾಲಕ್ಕೆ ಕಳಿಸಿದಾರೆ ಅಂತ ಬರೆದೆ. ಪುಟದ ನಂಬರ್ ಕೂಡ ಹಾಕಿದ್ದೆ, ನೂರ ನಲವತ್ತೈದು. ಮೇಡಂ ಅದನ್ನೂ ನೋಡಲಿಲ್ಲ."

ಮಾವನ ಕತ್ತರಿ ನಿಂತಿತು.

"ಎಷ್ಟು ಅಂದೆ?"

"ನೂರ ನಲವತ್ತೈದು."

ಕಥೆ ಅವರಿಗೆ ಎಷ್ಟು ಅರ್ಥವಾಯಿತೋ ದೇವರಿಗೇ ಗೊತ್ತು, ಆದರೆ ಹದಿನಾರೊಂಬತ್ತಲೆ ನೂರ ನಲವತ್ತನಾಲ್ಕು ಎಂಬುದು ಅವರ ರಕ್ತದಲ್ಲಿದೆ. ನೂರ ನಲವತ್ತೈದು ಎಂದರೆ ಹತ್ತನೇ ಫಾರಮಿನ ಮೊದಲ ಪುಟ. ಅವರು ಮೇಜಿನ ಎಡಬದಿ ನೋಡಿದರು, ಬಲಬದಿ ನೋಡಿದರು, ಸ್ಟೂಲುಗಳನ್ನು ನೋಡಿದರು. ಆಮೇಲೆ ನಿಧಾನವಾಗಿ ನೆಲದ ಮೇಲೆ, ಪುಟ್ಟಿಯ ಎದುರು ಕೂತರು. ಅವರು ನೆಲದ ಮೇಲೆ ಕೂತರೆ ಏಳಿಸಲು ಇಬ್ಬರು ಬೇಕು.

"ನೀನು ಓದಿದೀಯ ಕಣೇ" ಎಂದರು. "ನಾನೇ ಹಾಳು ಮಾಡಿದೀನಿ. ಮೊಮ್ಮಗಳ ಮಾತು ನಂಬದೆ ಹೋದೆನಲ್ಲ, ಎಂಥ ಮುಠ್ಠಾಳ ನಾನು."

ಪುಟ್ಟಿ ಆಗ ಅತ್ತಳು. ಮೂರು ದಿನದ್ದನ್ನೂ ಸೇರಿಸಿ ಅತ್ತಳು. ನಾನು ಹೊಲಿಗೆಯ ಚೌಕಟ್ಟಿನ ಹಿಂದೆ ಕೂತು, ದಾರಕ್ಕೆ ಮೇಣ ತೀಡುತ್ತಲೇ ಇದ್ದೆ.

ಸೋಮವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶಾಲೆಗೆ ಹೊರಟರು. ಹಿಂದೆ ನಾನು. ಪ್ರಾರ್ಥನೆ ಮುಗಿದು ಹೆಡ್ಮೇಷ್ಟ್ರು ಪುಟ್ಟಿಯನ್ನು ಕರೆದಾಗ, ಅವಳ ಬದಲು ಮಾವ ಮೆಟ್ಟಿಲು ಹತ್ತಿದರು. ಆರುನೂರು ಮಕ್ಕಳು ಗುಸುಗುಸು ಎಂದರು. "ಹೆಡ್ಮೇಷ್ಟ್ರೇ, ಆ ನೀಲಿ ಪುಸ್ತಕಗಳನ್ನ ತರಿಸಿ" ಎಂದರು ಮಾವ.

ಬೀರು ತೆಗೆದರು, ಬುಟ್ಟಿ ಬಂತು. ಮಾವ ಒಂದೊಂದನ್ನೂ ತೆಗೆದು, ನಡುವೆ ಹೆಬ್ಬೆರಳಿಟ್ಟು, ಪಕ್ಕಕ್ಕಿಟ್ಟರು. ಹದಿನೇಳನೆಯದನ್ನು ತೆರೆದು ದೊಡ್ಡ ಮೇಡಂ ಕೈಗೆ ಕೊಟ್ಟರು. "ಓದಿ ತಾಯಿ, ಜೋರಾಗಿ ಓದಿ."

ಮೇಡಂ ಮೈಕಿನಲ್ಲಿ ಓದಿದರು. "ನಾನು ಎದ್ದು ಬಾಗಿಲು ತೆರೆದೆ. ಹೊರಗೆ..." ಎದುರು ಪುಟಕ್ಕೆ ಬಂದರು. "ಬಸ್ಸು ನಿಂತಿತ್ತು."

ಇಡೀ ಶಾಲೆ ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ.

"ಜೋಡಿಸಿದ್ದು ನಾನು" ಎಂದರು ಮಾವ. "ಮಗು ಹೇಳಿದ್ದು ನಿಜ. ನನ್ನ ಕೈ ತಪ್ಪಿತು. ನಲವತ್ತು ವರ್ಷದಿಂದ ತಪ್ಪಿಲ್ಲ ಅಂತ ಜಂಬ ಕೊಚ್ಚಿಕೊಳ್ತಿದ್ದೆ, ಇನ್ಮೇಲೆ ಕೊಚ್ಚಲ್ಲ. ಎಲ್ಲರೂ ಕ್ಷಮಿಸಿ."

ಹಾಗಾದರೆ ಇದರ ಉಳಿದ ಅರ್ಧ ಇನ್ನೊಂದು ಪ್ರತಿಯಲ್ಲಿರಬೇಕಲ್ಲ? ಹುಡುಕಿದರು, ಸಿಕ್ಕಿತು. ಬಸ್ಸಿನ ಹುಡುಗಿ ಅದರಲ್ಲಿ ಹತ್ತನೇ ಫಾರಮಿಗೆ ಬಂದು ಕಿಟಕಿಯಲ್ಲಿ ಕೂತುಬಿಟ್ಟಿದ್ದಳು. ಅದನ್ನು ಪಡೆದಿದ್ದ ಕೊನೆ ಬೆಂಚಿನ ಹುಡುಗ 'ಮುಕ್ತಾಯ ತುಂಬಾ ಚೆನ್ನಾಗಿದೆ, ಎಲ್ಲರೂ ಓದಬೇಕು' ಎಂದು ಬರೆದಿದ್ದ. ಹೊಸ ಮೇಷ್ಟ್ರು ಇಪ್ಪತ್ತಕ್ಕೆ ಹದಿನೆಂಟು ಕೊಟ್ಟಿದ್ದರು. ಅವರು ಆಕಾಶ ನೋಡುತ್ತ ನಿಂತರು.

ದೊಡ್ಡ ಮೇಡಂ ಇನ್ನೂ ಮೈಕಿನ ಮುಂದೆಯೇ ಇದ್ದರು. "ಇಪ್ಪತ್ತೆಂಟು ವರ್ಷ ಆಯ್ತು" ಎಂದರು. "ಮಕ್ಕಳು ಏನು ಬರೀತಾರೆ ಅಂತ ನನಗೆ ಮೊದಲೇ ಗೊತ್ತಿರತ್ತೆ. ಗೊತ್ತಿಲ್ಲದ್ದನ್ನ ಒಬ್ಬಳು ಬರೆದಳು. ಸುಳ್ಳು ಅಂದುಬಿಟ್ಟೆ." ಪುಟ್ಟಿಯ ಕಡೆ ತಿರುಗಿದರು. "ತಪ್ಪಾಯ್ತು ಮಗು." ಅಷ್ಟೇ ಹೇಳಿ, ಆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದರು. ಮರಳಿ ಕೊಡಲು ಎರಡು ವಾರ ತೆಗೆದುಕೊಂಡರಂತೆ.

ಯುದ್ಧ ಹೇಗೆ ಮುಗಿಯಿತು ಎಂದು ಕೇಳುವಿರಿ. ಹೆಡ್ಮೇಷ್ಟ್ರು ಎರಡೂ ಇರಲಿ ಎಂದರು. ಆದರೆ ಹೊಸದನ್ನು ದೊಡ್ಡ ಮೇಡಂ ಪಾಠ ಮಾಡಬೇಕು, ಹಳೆಯದನ್ನು ಹೊಸ ಮೇಷ್ಟ್ರು. ಇಬ್ಬರಿಗೂ ಪುಸ್ತಕವನ್ನು ಕೊನೆಯವರೆಗೆ ಓದದೆ ಗತಿಯಿಲ್ಲದಂತಾಯಿತು. ಹೆಡ್ಮೇಷ್ಟ್ರು ತಮ್ಮ ಜೀವನದಲ್ಲಿ ಮಾಡಿದ ಒಳ್ಳೆಯ ತೀರ್ಮಾನ ಅದೊಂದೇ ಎಂದು ನನ್ನ ಅಭಿಪ್ರಾಯ.

ಮನೆಗೆ ಬರುವ ದಾರಿಯಲ್ಲಿ ಮಾವ ಹಗುರವಾಗಿದ್ದರು. ನಾನು ಮಾತ್ರ ಭಾರ ಹೊತ್ತುಕೊಂಡೇ ಬಂದೆ. ಜೋಡಿಸಿದ್ದು ನಾನು ಎಂದರು, ಹೊಲಿದವರ ಸುದ್ದಿಯನ್ನೇ ಎತ್ತಲಿಲ್ಲ. ಸಂಜೆ ಪುಟ್ಟಿ ಶಾಲೆಯಿಂದ ಬಂದು, ಗೆದ್ದ ಹುರುಪಿನಲ್ಲಿ ಚೀಲ ಎಸೆದು, ನನ್ನ ಪಕ್ಕ ಕೂತಳು. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಜೀವಮಾನವೆಲ್ಲ ಮುಚ್ಚಿಕೊಂಡೇ ಇರುತ್ತೇನೆ ಎನ್ನಿಸಿತು.

"ಪುಟ್ಟೀ, ನನಗೆ ಗೊತ್ತಿತ್ತು" ಎಂದೆ. "ಹೊಲಿಯುವಾಗ ಹಾಳೆಯ ಬಣ್ಣ ನೋಡಿದ್ದೆ. ನೀನು ಹೇಳಿದ ತಕ್ಷಣ ನೆನಪಾಯ್ತು."

"ಯಾವಾಗ?"

"ಗುರುವಾರಾನೇ."

ಅವಳ ಮುಖದ ಹುರುಪು ಇಳಿಯುವುದನ್ನು ನೋಡಿದೆ. ಒಬ್ಬ ತಾಯಿ ನೋಡಬಾರದ ದೃಶ್ಯ ಅದು. "ಇವತ್ತು ಸೋಮವಾರ" ಎಂದಳು.

"ಹೌದು. ಭಯ ಆಯ್ತು. ತಾತನ ಹೆಸರು ಅಂದ್ಕೊಂಡೆ, ಆದ್ರೆ ನಿಜ ಹೇಳ್ಬೇಕಂದ್ರೆ ನನ್ನ ಮರ್ಯಾದೆ ನೋಡ್ಕೊಂಡೆ. ನಿನ್ನನ್ನ ಒಬ್ಬಳನ್ನೇ ಬಿಟ್ಟುಬಿಟ್ಟೆ. ತಪ್ಪಾಯ್ತು ಮಗಳೇ."

ತುಂಬ ಹೊತ್ತು ಅವಳು ನೆಲದ ಮೇಲಿನ ದಾರದ ತುಂಡುಗಳನ್ನು ಆರಿಸಿದಳು. ಆಮೇಲೆ, "ತಾತ ಎಲ್ಲರ ಮುಂದೆ ಹೇಳಿದ್ರು" ಎಂದಳು. "ನೀನು ಮೇಡಂ ಹತ್ರಾನಾದ್ರೂ ಹೇಳ್ಬೇಕು. ನನ್ನ ಮುಂದೆ."

ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಮಾವ ಮೇಜಿನಿಂದ ತಲೆಯೆತ್ತಿ, "ಹೊಲಿಗೆ ಮಾತ್ರ ನೆಟ್ಟಗಿತ್ತು ಅಂತ ಹೇಳಮ್ಮ, ಒಂದು ಎಳೆ ಸಡಿಲ ಇಲ್ಲ" ಎಂದರು. ನಗು ಬಂತು, ಅಳುವೂ ಬಂತು. ರಸ್ತೆಗಿಳಿದ ಮೇಲೆ ನನ್ನ ಕಾಲು ತಾನಾಗಿ ನಿಧಾನವಾಯಿತು, ಹಿಂದಿರುಗಲು ಯಾವುದಾದರೂ ನೆಪ ಸಿಕ್ಕೀತೇ ಎಂದು ಮನಸ್ಸು ಹುಡುಕುತ್ತಿತ್ತು. ಪುಟ್ಟಿಗೆ ಅದು ಗೊತ್ತಾಗಿರಬೇಕು. ನನ್ನ ಕೈ ಹಿಡಿದುಕೊಂಡಳು. ದೊಡ್ಡವಳಾದ ಮೇಲೆ ಬೀದಿಯಲ್ಲಿ ನನ್ನ ಕೈ ಹಿಡಿಯಲು ನಾಚುತ್ತಿದ್ದ ಹುಡುಗಿ, ಅವತ್ತು ಸ್ನೇಹಿತೆಯರೆಲ್ಲ ನೋಡುತ್ತಿದ್ದರೂ ಶಾಲೆಯ ಗೇಟಿನವರೆಗೆ ಬಿಡಲಿಲ್ಲ.